ಮಾವನ ಸ್ಟ್ಯಾಂಡ್‌ಬೈ

ನಮ್ಮ ಸೋದರಮಾವ ಈ ಲೋಕದಲ್ಲಿ ಒಂದೇ ಒಂದು ಇರುವ ಯಾವುದನ್ನೂ ನಂಬುವುದಿಲ್ಲ. ಜಯನಗರದ ಅವರ ಮನೆಯಲ್ಲಿ ಎರಡು ಒಲೆ, ಎರಡು ಛತ್ರಿ, ಎರಡು ಕನ್ನಡಕ. ಅತ್ತೆ ಮಾತ್ರ ಒಬ್ಬರೇ. ಅದೂ ಅತ್ತೆಯ ಭಯದಿಂದಲೇ ಹೊರತು ಸಿದ್ಧಾಂತದಿಂದಲ್ಲ.

ತಪ್ಪು ಅವರದಲ್ಲ ಬಿಡಿ. ಆಯುಷ್ಯವೆಲ್ಲ ರೇಡಿಯೋ ಪ್ರಸಾರದ ಯಂತ್ರಗಳ ಪಕ್ಕ ಕೂತು ನಿವೃತ್ತರಾದವರು. ಒಂದು ಕೈಕೊಟ್ಟರೆ ಇನ್ನೊಂದು ಸಿದ್ಧವಿರಬೇಕು; ಅದೇ ಸ್ಟ್ಯಾಂಡ್‌ಬೈ. ಕೆಲಸ ಹೋದರೂ ಈ ಪದ ಹೋಗಲಿಲ್ಲ. ನಮ್ಮಕ್ಕನ ಮದುವೆಯ ಹಿಂದಿನ ದಿನ ಬೀಗರನ್ನು ಪಕ್ಕಕ್ಕೆ ಕರೆದು, "ಪುರೋಹಿತರಿಗೆ ಗಂಟಲು ಕಟ್ಟಿದ್ರೆ ಸ್ಟ್ಯಾಂಡ್‌ಬೈ ಯಾರು ಸಾರ್?" ಎಂದರು. ಬೀಗರು ನಕ್ಕರು. ಮರುದಿನ ಮೊದಲ ಸಾಲಿನಲ್ಲಿ ಎರಡನೆಯ ಪುರೋಹಿತರು ಹಾಜರಿದ್ದರು. ಅವರು ಮಾಡಿದ್ದು ಊಟವೊಂದೇ. ಅದನ್ನೂ ಎರಡು ಪಂಕ್ತಿಯಲ್ಲಿ.

ಈಗ ಬನಶಂಕರಿಯ ಸಣ್ಣದೊಂದು ಸಮುದಾಯ ರೇಡಿಯೋಗೆ ಮಾವನೇ ಬಿಟ್ಟಿ ಎಂಜಿನಿಯರ್. ಅಲ್ಲಿ ಇತ್ತೀಚೆಗೆ ಎಲ್ಲವೂ ಡಿಜಿಟಲ್. ಮೈಕಿಗೆ ಬಿದ್ದ ಮಾತು ಒಂದು ಸಾಫ್ಟ್‌ವೇರನ್ನು ದಾಟಿಯೇ ಕೇಳುಗರ ಕಿವಿಗೆ ಹೋಗಬೇಕು. ಅದನ್ನು ಮಾವ, ಹೆಲ್ಮೆಟ್ ಇಲ್ಲದವನನ್ನು ಟ್ರಾಫಿಕ್ ಪೊಲೀಸ್ ನೋಡುವಂತೆ ನೋಡುತ್ತಾರೆ.

"ಹಳೇ ಯಂತ್ರ ಸಾಯೋ ಮುಂಚೆ ಬಿಸಿ ಆಗ್ತಿತ್ತು, ವಾಸನೆ ಬರ್ತಿತ್ತು, ಗೊರಗೊರ ಅಂತಿತ್ತು. ಇದು ನಗ್ತಾನೇ ಸಾಯುತ್ತೆ ಕಣೋ." ಆಮೇಲೆ ಎರಡು ಸಲ ಕೆಮ್ಮು. ಒಂದು ಕೆಮ್ಮು, ಒಂದು ಸ್ಟ್ಯಾಂಡ್‌ಬೈ.

ನಾನೇನು ಕಡಿಮೆಯೇ? ಊರವರ ದನಿ ಕದ್ದು ಬದುಕುವವನು. ನನ್ನ ಸ್ವಂತ ದನಿ ಯಾವುದೆಂದು ಅಮ್ಮನಿಗೇ ಅನುಮಾನ. ಅದೇ ರೇಡಿಯೋದಲ್ಲಿ ನನಗೆ ಅರ್ಧ ಗಂಟೆಯ ನೇರಪ್ರಸಾರ ಸಿಕ್ಕಿತು, ಮಿಮಿಕ್ರಿಗೆ. ಅಲ್ಲಿನ ಮೇಡಂ ಮೊದಲೇ ಹೇಳಿದ್ದರು: "ನೋಡಪ್ಪ, ಇದು ಟ್ರಯಲ್. ಅರ್ಧ ನಿಮಿಷ ಮೌನ ಬಂದ್ರೂ ಮುಂದಿನ ವಾರದಿಂದ ಆ ಟೈಮಿಗೆ ಯೋಗಾಸನ."

ಕಾರ್ಯಕ್ರಮದ ಮುಖ್ಯ ಬಲಿ ಯಾರೆಂದುಕೊಂಡಿರಿ? ಮಾವನೇ. ಎರಡು ವಾರ ಅವರದೇ ಮನೆಯ ಮಹಡಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವರನ್ನೇ ಆಡಿಕೊಂಡೆ. ಬಾಗಿಲು ತಟ್ಟಿದರೆ ತಕ್ಷಣ ಭಜನೆ. ಮಾವ ಕಾಫಿ ಇಟ್ಟು ಹೋಗುತ್ತಿದ್ದರು, ಎರಡು ಲೋಟ. "ಒಂದು ಚೆಲ್ಲಿದ್ರೆ?"

ಆ ದಿನ ಬಂತು. ಕಾರ್ಯಕ್ರಮದ ಅರ್ಧ ದಾರಿಯಲ್ಲಿ, ಮಾವನ ದನಿಯಲ್ಲಿ ಸಾಫ್ಟ್‌ವೇರನ್ನು ಬೈಯುತ್ತಿದ್ದಾಗ ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿತು: ಅಪ್‌ಡೇಟ್ ಈಗಲೇ ಮಾಡಲೇ, ಆಮೇಲೆಯೇ? 'ಆಮೇಲೆ' ಒತ್ತಬೇಕೆಂದು ಮಾವ ನೂರು ಸಲ ಹೇಳಿದ್ದರು. ಗಾಬರಿಯಲ್ಲಿ ನಾನು 'ಈಗಲೇ' ಒತ್ತಿದೆ. ಪರದೆಯಲ್ಲೊಂದು ಚಕ್ರ ತಿರುಗತೊಡಗಿತು, ನಗುನಗುತ್ತಲೇ. ಹೆಡ್‌ಫೋನಿನಲ್ಲಿ ಮೌನ. ಗಾಜಿನಾಚೆ ಮೇಡಂ ಗಡಿಯಾರ ನೋಡುತ್ತಿದ್ದರು. ನನಗಾಗಲೇ ಯೋಗಾಸನ ಕಾಣಿಸುತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು...

"ಇದು ನಗ್ತಾನೇ ಸಾಯುತ್ತೆ ಕಣೋ." ಕೆಮ್ಮು. ಇನ್ನೊಂದು ಕೆಮ್ಮು.

ತಿರುಗಿ ನೋಡಿದೆ. ಗಾಜಿನಾಚೆ ಮಾವ ನಿಂತಿದ್ದಾರೆ, ಬಾಯಿ ಮುಚ್ಚಿದೆ! ಕೇಳುತ್ತಿದ್ದದ್ದು ನನ್ನ ದನಿ. ಸಾಫ್ಟ್‌ವೇರಿನ ಹಂಗಿಲ್ಲದೆ ಮಾವ ನೇರ ಪ್ರಸಾರಯಂತ್ರಕ್ಕೇ ಜೋಡಿಸಿಟ್ಟಿದ್ದ ಹಳೆಯ ಪ್ಲೇಯರ್ ಒಂದರಲ್ಲಿ ಮಹಡಿ ಕೋಣೆಯ ನನ್ನ ತಾಲೀಮು ಓಡುತ್ತಿತ್ತು. ಬಾಗಿಲ ಹೊರಗೆ ನಿಂತು ಅವರು ಪೂರ್ತಿ ರೆಕಾರ್ಡ್ ಮಾಡಿಕೊಂಡಿದ್ದರು.

ನಡುವಿನ ಆ ಮೌನವೂ ಮಿಮಿಕ್ರಿಯ ಭಾಗವೆಂದೇ ಕೇಳುಗರು ಅಂದುಕೊಂಡರು. ಮೇಡಂ, "ಮುಂದಿನ ವಾರ ಸ್ವಲ್ಪ ಬೇಗ ಬಾ" ಎಂದು ಒಳಗೆ ಹೋದರು. ನನಗೆ ಮಾತ್ರ ಮಾವನ ಮುಖ ನೋಡಲಾಗಲಿಲ್ಲ.

"ಮಾವ, ಎಲ್ಲಾ ಕೇಳಿಸ್ಕೊಂಡ್ರಾ?"

"ಎರಡು ಸಲ. ಕೆಮ್ಮು ಸ್ವಲ್ಪ ಜಾಸ್ತಿ ಆಯ್ತು, ಕಡಿಮೆ ಮಾಡ್ಕೋ."

ಪ್ಲೇಯರಿನಿಂದ ಪೆನ್‌ಡ್ರೈವ್ ಕಿತ್ತು ನನ್ನ ಕೈಗಿಟ್ಟರು. ಅದರ ಮೇಲೆ ಚೀಟಿ ಅಂಟಿಸಿ ದುಂಡಗೆ ಬರೆದಿದ್ದರು: ನಮ್ಮ ಹುಡುಗ.

ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಯಾರ ದನಿಯೂ ಸಿಗಲಿಲ್ಲ.

ಮಾವ ಅಂಗಿಯ ಜೇಬು ತಡಕಿ, ಇನ್ನೊಂದು ಪೆನ್‌ಡ್ರೈವ್ ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡರು.