ಕ್ರಿಯಾಪದದ ಪಾದಯಾತ್ರೆ

ಕ್ರಿಸ್ತಶಕ ೨೦೨೫ನೆಯ ಇಸವಿ, ಮಾರ್ಚ್ ೩, ಸೋಮವಾರ. ರಷ್ಯನ್ ಭಾಷೆಯ ಕ್ರಿಯಾಪದಗಳನ್ನು ಒಂದೂ ಉಳಿಯದಂತೆ ಗೆದ್ದೇ ತೀರುವೆನೆಂದು ನಾನು ಘೋಷಿಸಿದ ಮಹಾದಿನ! ಘೋಷಣೆ ಮೊಳಗಿದ್ದು ಕೇಶ್ವಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ. ಕೇಳಿದವರು ನನ್ನ ಧರ್ಮಪತ್ನಿ ರತ್ನವ್ವ ಮತ್ತು ಪಕ್ಕದ ಮನೆಯ ಗ್ಯಾರೇಜಿನ ಲಾಲಸಾಬ.

ಕಾರಣವಿತ್ತು. ಲಾಲಸಾಬನ ಮೊಮ್ಮಗಳು ಅಲ್ಫಿಯಾ ರಷ್ಯಾದ ಕಜಾನ್ ನಗರದಲ್ಲಿ ವೈದ್ಯಕೀಯದ ಮೊದಲ ವರ್ಷ ಓದುತ್ತಿದ್ದಾಳೆ. ತಮಾರಾ ಎಂಬ ವೃದ್ಧೆಯ ಮನೆಯಲ್ಲಿ ಅವಳಿಗೊಂದು ಕೋಣೆ. ಆ ವೃದ್ಧೆ ಇದ್ದಕ್ಕಿದ್ದಂತೆ, "ನೀನು ದಿನವೂ ಸುಳ್ಳು ಹೇಳುತ್ತೀ. ಏಪ್ರಿಲ್ ೩೦ರೊಳಗೆ ಕೋಣೆ ಬಿಡು" ಎಂದುಬಿಟ್ಟಿದ್ದರು. ಯಾವ ಸುಳ್ಳು ಎಂದು ಕೇಳಿದರೆ ಮುಖ ತಿರುಗಿಸುತ್ತಿದ್ದರಂತೆ.

"ನಮ್ಮ ಹುಡುಗಿ ಸುಳ್ಳ ಹೇಳಾಕಿ ಅಲ್ರಿ ಮಾಸ್ತರ," ಎಂದ ಲಾಲಸಾಬ, ಗ್ರೀಸು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ. "ಪರೀಕ್ಷಾ ಹತ್ರ ಬಂದೈತಿ. ಪರದೇಶದಾಗ ಕೂಸು ಗಂಟುಮೂಟಿ ಹೊತ್ತು ಎಲ್ಲಿಗೆ ಹೋಗಬೇಕ್ರಿ?"

"ಚಿಂತಿ ಬಿಡಪಾ ಲಾಲಸಾಬ! ಮೂವತ್ತಾರು ವರ್ಷ ಹೈಸ್ಕೂಲಿನ್ಯಾಗ ಕನ್ನಡ ವ್ಯಾಕರಣ ಕಲಿಸೇನಿ. ಆ ಅಮ್ಮನ ಕೂಡ ಆಕಿ ಭಾಷಾದಾಗನ ಮಾತಾಡತೇನಿ."

"ಅದು ಆಮ್ಯಾಲ. ಮದಲ ನನ್ನ ಕೂಡ ತಿಳಿಯೂ ಹಂಗ ಕನ್ನಡ ಮಾತಾಡ್ರಿ," ಎಂದಳು ರತ್ನವ್ವ.

ಮೊಬೈಲಿನಲ್ಲಿ ಒಬ್ಬ ರಷ್ಯನ್ ಮಹಿಳೆಯ ಪಾಠಗಳು ಸಿಕ್ಕವು. ತಾರೀಖುಗಳ ವಿಷಯದಲ್ಲಿ ನಾನು ಕಟ್ಟುನಿಟ್ಟಿನವನಾದ್ದರಿಂದ ಮೊದಲು ಅವುಗಳನ್ನೇ ಕಂಠಪಾಠ ಮಾಡಿದೆ. ಬಳಿಕ ಕ್ರಿಯಾಪದಗಳ ಬಾಗಿಲು ತೆರೆದೆ. ತೆರೆದವನು ಹೊಸ್ತಿಲಲ್ಲೇ ಕೈಮುಗಿದು ನಿಂತೆ! ಕನ್ನಡದಲ್ಲಿ ನಾವು "ಹೋದೆ" ಎಂಬ ಒಂದೇ ಮಾತಿನಲ್ಲಿ ಹಾಲಿನಂಗಡಿಗೂ ಹೋಗುತ್ತೇವೆ, ಹಿಮಾಲಯಕ್ಕೂ ಹೋಗುತ್ತೇವೆ. ಅಲ್ಲಿ ಹಾಗಲ್ಲ. ಕಾಲಿಗೊಂದು ಕ್ರಿಯಾಪದ, ಗಾಲಿಗೊಂದು ಕ್ರಿಯಾಪದ! ಒಂದೇ ದಿಕ್ಕಿಗೆ ಹೊರಟರೆ ಒಂದು ರೂಪ, ಹೋಗಿ ತಿರುಗಿ ಬಂದರೆ ಇನ್ನೊಂದು. ಭೂತಕಾಲದಲ್ಲಂತೂ ಮಾತನಾಡಿದ್ದು ಗಂಡಸೋ ಹೆಂಗಸೋ ಎಂಬುದನ್ನೂ ಕ್ರಿಯಾಪದವೇ ಸಾರುತ್ತದೆ. ಇಷ್ಟು ಕಟ್ಟೆಚ್ಚರ ಪೊಲೀಸ್ ಠಾಣೆಯಲ್ಲೂ ಇರಲಾರದು! ಇಂಥ ಶಿಸ್ತನ್ನು ಕೂಸು ತೊಟ್ಟಿಲಲ್ಲೇ ಕಲಿಯುವ ದೇಶಕ್ಕೆ ನಾನು ಮನಸ್ಸಿನಲ್ಲೇ ಶಿರಬಾಗಿದೆ.

"ಏನ್ರಿ, ಒಬ್ಬರ ಕುಂತು ಬಾಯಿ ತಗದೀರಿ?" ಎಂದಳು ರತ್ನವ್ವ.

"ನೋಡಿಲ್ಲೆ, ಈ ಮಂದಿ ನಡಕೋತ ಹೋಗೂದಕ್ಕ ಬ್ಯಾರೆ, ಆಟೋದಾಗ ಹೋಗೂದಕ್ಕ ಬ್ಯಾರೆ ಕ್ರಿಯಾಪದ ಇಟ್ಟಾರ!"

"ನಿಮಗ ಒಂದ ಸಾಕು ಬಿಡ್ರಿ. ಊರ ಹೊರಗಿನ ಗಬ್ಬೂರ ಹಂಗಿರ್ಲಿ, ಓಣಿ ತುದಿಗೂ ಆಟೋನ ಬೇಕು ನಿಮಗ."

ಏಪ್ರಿಲ್ ೧೩, ರವಿವಾರ. ನಾನು ಇಸ್ತ್ರಿಯ ಧೋತರ, ಕೋಟು, ಕರಿ ಟೊಪ್ಪಿಗೆ ಧರಿಸಿ ಸಿದ್ಧನಾದೆ. ಅಲ್ಫಿಯಾ ವಿಡಿಯೊ ಕರೆ ಮಾಡಿ ಫೋನನ್ನು ತಮಾರಾ ಅವರ ಮುಂದೆ ನಿಲ್ಲಿಸಿದಳು. ನಾನು ಗಂಟಲು ಸರಿಪಡಿಸಿಕೊಂಡು, ಶಾಲೆಯಲ್ಲಿ ಕೆಲಸ ಮಾಡಿದೆ ಎನ್ನಲು, "ಯಾ ರಬೋತಲಾ" ಎಂದು ಆರಂಭಿಸಿದೆ.

"ಅಜ್ಜಾರ, 'ರಬೋತಲ್' ಅನ್ರಿ! ನೀವು ಹೆಂಗಸರಾಗಿ ಬಿಟ್ರಿ!" ಎಂದವಳೇ ಅಲ್ಫಿಯಾ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು. ಹೆಂಗಸಿನ ಬಾಯಿಂದ ಪಾಠ ಕಲಿತದ್ದರ ಫಲ!

"ಹಂಗಾರ ನಾಳಿಂದ ರೊಟ್ಟಿ ನೀವ ಬಡೀರಿ," ಎಂದು ರತ್ನವ್ವ ಹಿಂದಿನಿಂದ ಸೇರಿಸಿದಳು.

ನಾನು ಧೃತಿಗೆಡಲಿಲ್ಲ. "ಹುಡುಗಿ ಒಳ್ಳೆಯವಳು. ಸುಳ್ಳು ಹೇಳುವುದಿಲ್ಲ" ಎಂಬ ಎರಡು ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸಿದೆ. ಇನ್ನು ಉಳಿದದ್ದು ಬೀಳ್ಕೊಳ್ಳುವ ಮಾತು. ನಮ್ಮ ಮನೆಯಲ್ಲಿ ಹೊರಡುವವರು "ಹೋಗ್ತೇನಿ" ಎನ್ನುವಂತಿಲ್ಲ, ಅದು ಅಪಶಕುನ. "ಬರ್ತೇನಿ" ಎಂದೇ ಹೊರಡಬೇಕು. ಆದ್ದರಿಂದ ಕೈಮುಗಿದು, ಶುದ್ಧ ಭವಿಷ್ಯತ್ಕಾಲದಲ್ಲಿ, "ಯಾ ಪ್ರಿದೂ" ಎಂದೆ. ಬರುತ್ತೇನೆ!

ತಮಾರಾ ಬೆಚ್ಚಿಬಿದ್ದರು. "ಕಗ್ದಾ?" ಎಂದರು. ಯಾವಾಗ?

ಮುಂದಿನ ಕರೆ ಯಾವಾಗ ಎಂಬ ಪ್ರಶ್ನೆಯೆಂದು ತಿಳಿದೆ. ತಾರೀಖು ಕೇಳಿದರೆ ನಾನು ಬಿಡುವವನೇ? ಏಪ್ರಿಲ್ ೨೭ ಎಂದು ರಷ್ಯನ್ನಿನಲ್ಲೇ ಗುಡುಗಿದೆ. ಅವರು ಕಣ್ಣರಳಿಸಿ, "ಪಿಶ್ಕೋಮ್?" ಎಂದರು. ಆ ಪದ ನನ್ನ ಪಾಠಗಳಲ್ಲಿ ಬಂದಿರಲಿಲ್ಲ. ಆದರೆ ಮಾಸ್ತರನಾದವನು ಗೊತ್ತಿಲ್ಲವೆನ್ನುವುದುಂಟೇ? "ದಾ, ದಾ!" ಎಂದೆ. ಹೌದು, ಹೌದು! ಅವರು ಎದೆಯ ಮೇಲೆ ಕೈಯಿಟ್ಟು ನನಗೆ ತಲೆಬಾಗಿದರು. ಅದು ನನ್ನ ವ್ಯಾಕರಣಕ್ಕೆ ಸಂದ ಗೌರವವೆಂದು ನಾನು ಎರಡು ವಾರ ಬೀಗಿದೆ.

ಏಪ್ರಿಲ್ ೨೭, ರವಿವಾರ. ಮಂಚದ ಮೇಲೆ ಕಾಲು ಚಾಚಿ, ಲಾಲಸಾಬನೊಡನೆ ಚಹಾ ಕುಡಿಯುತ್ತಿದ್ದೆ. ಅಲ್ಫಿಯಾಳ ಕರೆ ಬಂತು.

"ಅಜ್ಜಾರ, ಎಲ್ಲಿ ಅದೀರಿ?"

"ಎಲ್ಲಿ ಅಂದ್ರ? ಮಂಚದ ಮ್ಯಾಲ."

"ಯಾ ಅಲ್ಲಾ! ಇಲ್ಲಿ ತಮಾರಾ ಅಮ್ಮಾರು ಇಡೀ ಬಿಲ್ಡಿಂಗಿನ ಮಂದೀನ ಬಾಗಲದಾಗ ತಂದು ನಿಲ್ಲಿಸ್ಯಾರ್ರಿ! ಇಂಡಿಯಾದಿಂದ ಒಬ್ಬರು ಸಂತರು ನಡಕೋತ ಬರಾಕತ್ತಾರ, ಇವತ್ತ ಬಂದು ಮುಟ್ಟತಾರ ಅಂತ! ನನಗೂ ಈಗನ ಹೇಳಿದ್ರು. ನೀವು 'ಪ್ರಿದೂ' ಅಂದ್ರಂತ. ಅದು ಕಾಲಿಲೆ ಬರಾವ್ರ ಮಾತ್ರಿ! ಗಾಡ್ಯಾಗ ಬರಾವ್ರು 'ಪ್ರಿಯೇದು' ಅನಬೇಕು. 'ಪಿಶ್ಕೋಮ್', ನಡಕೋತ ಏನು, ಅಂತ ಕೇಳಿದ್ರ 'ದಾ, ದಾ' ಅಂದೀರಂತ!"

ಪರದೆಯ ಮೇಲೆ ಹೊಗೆಯಾಡುವ ಬಿಸಿನೀರಿನ ಬೋಗುಣಿ ಕಂಡಿತು. ತಮಾರಾ ಅವರ ಕೈಯಲ್ಲಿ ಹೊಸ ಉಣ್ಣೆಯ ಕಾಲುಚೀಲಗಳು. ಎಲ್ಲವೂ ದಣಿದು ಬರುವ ನನ್ನ ಪಾದಗಳಿಗಾಗಿ! ನನ್ನ ಕ್ರಿಯಾಪದವು ಕ್ರಿಯಾ-ಪಾದವಾಗಿ ನನ್ನನ್ನೇ ಎಡವಿಸಿತ್ತು. ಚಾಚಿದ ಕಾಲುಗಳನ್ನು ಮೆಲ್ಲಗೆ ಧೋತರದೊಳಗೆ ಎಳೆದುಕೊಂಡೆ.

"ಹಾಲಿನಂಗಡಿ ಅಂದ್ರ ಮಣಕಾಲ ನೋವು," ಎಂದಳು ರತ್ನವ್ವ. "ರಷ್ಯಾಕ್ಕ ಮಾತ್ರ ನಡಕೋತ ಹೊಂಟಿದ್ರ್ಯಾ?"

ಲಾಲಸಾಬ ಚಹಾದ ಕಪ್ಪು ಕೆಳಗಿಟ್ಟ. "ಮಾಸ್ತರ, ಆಕಿ ಲೆಕ್ಕದಾಗ ಈಗ ಸುಳ್ಳ ಹೇಳಾವ್ರು ಇಬ್ಬರಾದ್ರಲ್ರಿ..."

ಆ ಮಾತು ಎದೆಗೆ ನಾಟಿತು. "ಅಲ್ಫಿಯಾ, ಅವರಿಗೆ ತಿಳಿಸಿ ಹೇಳವ್ವಾ. ನಮ್ಮ ಕಡೆ ಹೊಂಟಾವ್ರು 'ಹೋಗ್ತೇನಿ' ಅನ್ನೂದಿಲ್ಲ, 'ಬರ್ತೇನಿ' ಅಂತಾರ. ತಪ್ಪು ನಂದು."

ಅವಳು ರಷ್ಯನ್ನಿನಲ್ಲಿ ಹೇಳತೊಡಗಿದವಳು ಅರ್ಧಕ್ಕೇ ನಿಂತಳು. ತಮಾರಾ ಏನನ್ನೋ ಕೇಳಿದರು. ಹುಡುಗಿಯ ಕೈ ಬಾಯಿಗೆ ಹೋಯಿತು.

"ಅಜ್ಜಾರ... ನಾನೂ ದಿನಾ ಮುಂಜಾನಿ ಕಾಲೇಜಿಗೆ ಹೋಗೂಮುಂದ 'ಯಾ ಪ್ರಿದೂ' ಅಂತನ ಹೇಳಿ ಹೋಗತೇನ್ರಿ! ನಮ್ಮ ಮನ್ಯಾಗ 'ಆತೂಂ', ಬರ್ತೇನಿ, ಅಂತೇವಲ್ಲಾ, ಹಂಗ. ಇಕಿ ಈಗ ಬರ್ತಾಳ ಅಂತ ಅವರು ಎರಡು ಕಪ್ ಚಹಾ ಹಾಕ್ಕೊಂಡು ಕುಂದರತಿದ್ರಂತ. ನಾ ಬರೂದು ಸಂಜಿಗೆ!"

ತಮಾರಾ ಅವಳನ್ನು ಎಳೆದು ಅಪ್ಪಿಕೊಂಡರು. ನನಗಾಗಿ ತಂದಿದ್ದ ಕಾಲುಚೀಲಗಳನ್ನು ಅವಳ ಕೈಗೆ ತುರುಕಿ, ಕೋಣೆಯತ್ತ ಬೆರಳು ಮಾಡಿ ಏನೋ ಹೇಳಿದರು. ಅಲ್ಫಿಯಾ ಅಳುತ್ತಲೇ ನಕ್ಕಳು: "ಖೋಲಿ ನಂದ ಅಂತ್ರಿ!" ಲಾಲಸಾಬ ನನ್ನ ಕೈ ಹಿಡಿದುಕೊಂಡ. ಮೂವತ್ತಾರು ವರ್ಷ ತಪ್ಪುಗಳಿಗೆ ಕೆಂಪು ಗೆರೆ ಎಳೆದವನು ನಾನು. ಒಂದು ತಪ್ಪು ಇಷ್ಟು ಕೆಲಸ ಮಾಡಬಲ್ಲದೆಂದು ಅರಿತಿರಲಿಲ್ಲ!

ಕೊನೆಗೆ ತಮಾರಾ ಪರದೆಯ ಸಮೀಪ ಬಂದು, ನಮ್ಮಂತೆಯೇ ಕೈಮುಗಿದು, "ಯಾ ಪ್ರಿದೂ!" ಎಂದರು. ಕರೆ ಕಡಿಯಿತು.

"ಏನಂದ್ರು ತಮಾರಾಬಾಯಾರು?" ರತ್ನವ್ವನ ಪ್ರಶ್ನೆ.

"ಬರ್ತೇನಿ ಅಂದ್ರು."

"ನಮ್ಮಂಗ ಬರ್ತೇನಿ ಅಂದ್ರೋ, ತಮ್ಮಂಗ ಬರ್ತೇನಿ ಅಂದ್ರೋ?"

ರತ್ನವ್ವ ಸೆರಗು ಸೊಂಟಕ್ಕೆ ಸಿಗಿಸಿ, ಕಸಬರಿಗೆಯನ್ನು ನನ್ನ ಕೈಗಿಟ್ಟಳು.

"ಯಾವದಕ್ಕೂ ಇರ್ಲಿ, ಖೋಲಿ ಕಸಾ ಹೊಡೀರಿ. ಅಂದಹಂಗ, ಯಾವ ತಾರೀಖಿಗೆ ಅಂತ ಕೇಳಿದ್ರಿಲ್ಲೋ?"

ಜೀವಮಾನದಲ್ಲಿ ಮೊಟ್ಟಮೊದಲ ಬಾರಿಗೆ ನಾನು ತಾರೀಖು ಕೇಳುವುದನ್ನು ಮರೆತಿದ್ದೆ!