ಅತ್ತೆಯವರ ಥಾಯ್ಲೆಂಡ್ ಊಟ

ನಮ್ಮ ಅತ್ತೆಯವರ ಜೊತೆ ಎಲ್ಲಿ ಊಟಕ್ಕೆ ಕೂತರೂ ಏನಾದರೊಂದು ಆಗದೆ ಎಲೆ ಎತ್ತಿದ್ದೇ ಇಲ್ಲ. ಶಿಕಾರಿಪುರದಲ್ಲೂ ಅಷ್ಟೆ, ಬ್ಯಾಂಕಾಕ್‌ನಲ್ಲೂ ಅಷ್ಟೆ.

ಶಿಕಾರಿಪುರದಲ್ಲಿ ನಮ್ಮದು ಪಂಪ್‌ಸೆಟ್ಟು, ಪೈಪು ಮಾರುವ ಅಂಗಡಿ. ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ಥಾಯ್ಲೆಂಡ್ ಪ್ರವಾಸಕ್ಕೆ ಎರಡು ಟಿಕೆಟ್ ಕೊಟ್ಟರು. ನಮ್ಮನೆಯವರು ಸೀಸನ್ನಿನ ನೆಪ ಹೇಳಿ, "ಅವ್ವನ್ನ ಕರ್ಕೊಂಡು ಹೋಗು" ಅಂದುಬಿಟ್ಟರು. ಮಾನಸ ಸರೋವರಕ್ಕೆಂದು ಮಾಡಿಸಿಟ್ಟಿದ್ದ ಅತ್ತೆಯ ಪಾಸ್‌ಪೋರ್ಟು ಹೀಗೆ ಥಾಯ್ಲೆಂಡಿಗೆ ಒದಗಿತು.

ಅತ್ತೆಯ ತವರು ಸೊರಬ, ನನ್ನದು ಉಡುತಡಿ. ಅವರ ಅಡಿಗೆಗೆ ಕಾಯಿ ಬೇಕು, ನನ್ನದಕ್ಕೆ ಶೇಂಗಾ. ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ನಿಂತರೂ "ಉಪ್ಪು ಹಾಕಿದ್ಯಾ?" "ಹಾಕಿದೀನಿ" ಅನ್ನುವುದನ್ನು ಬಿಟ್ಟು ನಮ್ಮ ನಡುವೆ ಹೆಚ್ಚು ಮಾತಿರಲಿಲ್ಲ. ಅಂಥವರ ಜೊತೆ ಒಂದೇ ರೂಮು! ಈಗ ಅತ್ತೆ ಇಲ್ಲ. ಅವರನ್ನು ನೆನೆದಾಗಲೆಲ್ಲ ಆ ಊಟಗಳೇ ಮೊದಲು ನೆನಪಾಗುತ್ತವೆ.

ಜೈ

ನಾವು ಶುದ್ಧ ಸಸ್ಯಾಹಾರಿಗಳು. ನಮ್ಮ ಗೈಡ್ ಅಲ್ಪಸ್ವಲ್ಪ ಹಿಂದಿ ಬಲ್ಲ ಥಾಯ್ ಹೆಂಗಸು. ಮೊದಲ ದಿನವೇ ಹೇಳಿಕೊಟ್ಟಳು: "ಎಲ್ಲೇ ಹೋದರೂ 'ಜೇ' ಅನ್ನಿ. ಮಾಂಸ, ಮೊಟ್ಟೆ, ಮೀನು ಏನೂ ಹಾಕಲ್ಲ."

"ಜೈ ಅನ್ನೋದನ್ನ ನಮಗೆ ಹೇಳಿಕೊಡಬೇಕಾ ಮಾರಾಯ್ತಿ?" ಅಂತ ಅತ್ತೆ ಸೀದಾ ಒಂದು ನೂಡಲ್ಸ್ ಗಾಡಿಯ ಮುಂದೆ ಹೋಗಿ, ಕೈಮುಗಿದು "ಜೈ!" ಎಂದು ಕೂಗಿದರು. ಗಾಡಿಯಾಕೆ ಸೌಟು ಕೆಳಗಿಟ್ಟು ತಾನೂ ಕೈಮುಗಿದು ಬಾಗಿದಳು. ಅತ್ತೆ ಇನ್ನೂ ಬಾಗಿದರು. ಅವಳು ಇನ್ನೂ ಬಾಗಿದಳು. ಹಿಂದೆ ಜನ ನಿಂತರು.

"ಅತ್ತೆ, ಕೈ ಇಳಿಸಿ."

"ಅವಳು ಮೊದಲು ಇಳಿಸಲಿ. ವಯಸ್ಸಲ್ಲಿ ದೊಡ್ಡವಳು ನಾನು, ಮರ್ಯಾದೇಲಿ ಸಣ್ಣವಳಾಗ್ಲಾ?"

ಕಡೆಗೆ ಗೈಡ್ ಓಡಿ ಬಂದು ಬಿಡಿಸಿದಳು. ಬಿಸಿಬಿಸಿ ನೂಡಲ್ಸ್ ತಟ್ಟೆ ಕೈಗೆ ಬಂದ ಮೇಲೆ ಅತ್ತೆ ಸೊಂಟ ನೀವಿಕೊಂಡು ಅಂದರು: "ಇಷ್ಟು ನಮಸ್ಕಾರ ನಮ್ಮೂರಲ್ಲಿ ಹಾಕಿದ್ರೆ ಎಲೆಕ್ಷನ್ನೇ ಗೆಲ್ತಿದ್ದೆ."

ಪಪ್ಪಾಯಿ ಕೋಸಂಬರಿ

ಇನ್ನೊಂದು ಕಡೆ ಒಬ್ಬಾಕೆ ಮಣ್ಣಿನ ಒರಳಲ್ಲಿ ಹಸಿ ಪಪ್ಪಾಯಿ ತುರಿ, ಹುಳಿ, ಬೆಲ್ಲ ಹಾಕಿ ಮರದ ಒನಕೆಯಿಂದ ಕುಟ್ಟುತ್ತಿದ್ದಳು. ಮೇಲೆ ಹುರಿದ ಶೇಂಗಾ ಬೀಳುವುದನ್ನು ನೋಡಿ ನನ್ನ ಬಾಯಲ್ಲಿ ನೀರೂರಿತು. ಗೈಡ್ ಮೊದಲೇ "ಜೇ" ಹೇಳಿಟ್ಟು, ಪಕ್ಕದ ಅಂಗಡಿಗೆ ಹೋಗಿದ್ದಳು.

ಕುಟ್ಟುವಾಕೆ ನಗುತ್ತಾ ಅತ್ತೆಯ ಕಡೆ ಒಂದು ಬೆರಳು, ಎರಡು ಬೆರಳು ತೋರಿಸಿ ಏನೋ ಕೇಳಿದಳು.

"ಮಕ್ಕಳೆಷ್ಟು ಅಂತ ಕೇಳ್ತಿದ್ದಾಳೆ ಕಣೆ" ಅಂತ ಅತ್ತೆ ಹೆಮ್ಮೆಯಿಂದ ಐದೂ ಬೆರಳು ಎತ್ತಿದರು. "ಐದು! ಮೂರು ಗಂಡು, ಎರಡು ಹೆಣ್ಣು!"

ಆಕೆ ಕಣ್ಣರಳಿಸಿ, ನಮ್ಮ ಕಡೆಯ ಸೂಜಿಮೆಣಸಿನಂಥ ಮೆಣಸಿನಕಾಯಿ ಎಣಿಸಿ ಎಣಿಸಿ ಐದು ಹಾಕಿದಳು. ಆಗಲೇ ನನಗೆ ಗೊತ್ತಾಗಿದ್ದು, ಕೇಳಿದ್ದು ಮಕ್ಕಳ ಲೆಕ್ಕವಲ್ಲ ಅಂತ. ಅಷ್ಟರಲ್ಲಿ ಅತ್ತೆ ಒಂದು ತುತ್ತು ಬಾಯಿಗಿಟ್ಟಾಗಿತ್ತು. ಮೂಗು ಕೆಂಪಾಯಿತು, ಕಣ್ಣಲ್ಲಿ ಧಾರಾಕಾರ ನೀರು.

"ಖಾರ ಆಯ್ತಾ ಅತ್ತೆ?"

"ಎಂತ ಖಾರ?" ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಕ್ಕಳು ನೆನಪಾದ್ರು."

ಟೀ

ಅಲ್ಲಿನ ಟೀ ಕಿತ್ತಳೆ ಬಣ್ಣ, ಸಿಹಿ ಮಂದ ಹಾಲು, ಲೋಟದ ತುಂಬ ಐಸು. ಅತ್ತೆ ಮುಟ್ಟಿ ನೋಡಿ ಕೈ ಹಿಂದೆಗೆದರು. ನಾನು ಕುಡಿದು ಮುಗಿಸಿ ತಿರುಗಿದರೆ ಅತ್ತೆ ಇಲ್ಲ. ಹುಡುಕಿದರೆ ಉರಿಬಿಸಿಲಲ್ಲಿ, ಫುಟ್‌ಪಾತಿನ ಅಂಚಿಗೆ ಲೋಟ ಇಟ್ಟುಕೊಂಡು ಕಾವಲು ಕೂತಿದ್ದಾರೆ.

"ಏನ್ರೀ ಅತ್ತೆ ಇದು?"

"ತಡಿಯೇ, ಕಾಯ್ಲಿ."

ಮುಳ್ಳಿನ ಹಣ್ಣು

ಮಾರ್ಕೆಟಿನಲ್ಲಿ ದುರಿಯನ್ ಎಂಬ ಮುಳ್ಳುಹಣ್ಣು ಕಂಡದ್ದೇ "ಹಲಸು!" ಅಂತ ಅತ್ತೆ ಒಂದಿಡೀ ಹಣ್ಣು ಬಿಡಿಸಿ ಕಟ್ಟಿಸಿಕೊಂಡರು. ಹೋಟೆಲಿನ ಬಾಗಿಲಲ್ಲಿ ಆ ಹಣ್ಣಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದ ಬೋರ್ಡಿತ್ತು.

"ಒಳಗೆ ತರಬಾರದಂತೆ ಅತ್ತೆ, ವಾಸನೆ."

"ಕೈಯಲ್ಲಿ ತರಬಾರದು. ಹೊಟ್ಟೇಲಿ ತರಬಹುದಲ್ಲ?"

ಹಾಗೆ ಅತ್ತೆ ಸೊಸೆ ಇಬ್ಬರೂ ರಸ್ತೆ ಪಕ್ಕದ ಕಟ್ಟೆಯ ಮೇಲೆ ಕೂತು, ಮೂಗು ಮುಚ್ಚಿ ಶುರು ಮಾಡಿದವರು ಬೆರಳು ಚೀಪುತ್ತಾ ಎದ್ದೆವು. ಆಮೇಲೆ ಲಿಫ್ಟ್ ಹತ್ತಿದರೆ, ಒಳಗಿದ್ದವರು ಮುಂದಿನ ಮಹಡಿಯಲ್ಲೇ ಸರಸರ ಇಳಿದುಬಿಟ್ಟರು.

ಅತ್ತೆಗೆ ತುಂಬ ಸಂತೋಷ. "ನೋಡು, ವಯಸ್ಸಾದವರು ಅಂತ ಪೂರಾ ಜಾಗ ಬಿಟ್ಟುಕೊಟ್ರು."

ಕಾಯಿಹಾಲು

ಒಂದು ಮಧ್ಯಾಹ್ನ ಮಾವಿನಹಣ್ಣಿನ ಹೋಳಿನ ಪಕ್ಕ ಅಂಟಂಟು ಅನ್ನ ಇಟ್ಟು, ಮೇಲೆ ಕಾಯಿಹಾಲು ಸುರಿದು ತಂದಿಟ್ಟರು. "ಅನ್ನಕ್ಕೆ ಮಾವಿನಹಣ್ಣಾ!" ಅಂತ ಗೊಣಗಿದ ಅತ್ತೆ, ಒಂದು ಚಮಚ ತಿಂದು ಇನ್ನೊಂದು ತುಂಬಿಕೊಂಡರು.

"ನಮ್ಮವ್ವ ಶಾವಿಗೆಗೆ ಹಿಂಗೇ ಕಾಯಿಹಾಲು ಹಾಕಿ ಕೊಡ್ತಿತ್ತು" ಅಂದರು ಆಮೇಲೆ. "ಮದುವೆಯಾಗಿ ಬಂದ ಮೇಲೆ ನಾನೇ ಎಲ್ಲರಿಗೂ ಬಡಿಸಿದ್ದು. ನನಗೆ ಯಾರೂ ಹಾಕಿಕೊಡಲಿಲ್ಲ ನೋಡು."

ನನ್ನ ತಟ್ಟೆಯನ್ನೂ ಅವರ ಕಡೆ ಸರಿಸಿದೆ. ಅವರು ಬೇಡ ಅನ್ನಲಿಲ್ಲ. ಅದನ್ನೂ ಮುಗಿಸಿ, ಸುತ್ತ ಯಾರಾದರೂ ಕನ್ನಡದವರು ಇದ್ದಾರಾ ಎಂದು ನೋಡಿ, ದನಿ ತಗ್ಗಿಸಿ ಹೇಳಿದರು: "ನಿನ್ನ ಶೇಂಗಾ ಚಟ್ನಿ ಇಲ್ಲದೆ ಬಾಯಿ ಸಪ್ಪೆ ಆಗಿದೆ ಕಣೆ. ಊರಲ್ಲಿ ಯಾರಿಗೂ ಹೇಳಬೇಡ, ಸೊರಬದ ಮಾನ ಹೋಗ್ತದೆ."

ನೀಲಿ ಶರಬತ್ತು

ವಾಪಸು ಬರುವ ದಿನ ಹೋಟೆಲಿನಲ್ಲಿ ನೀಲಿ ಶರಬತ್ತು ಕೊಟ್ಟಿದ್ದರು. ನಮ್ಮ ಬೇಲಿಯ ಮೇಲೆ ಬಿಡುವ ಶಂಖಪುಷ್ಪದ್ದೇ ಅಂತ ಗೊತ್ತಾಗಿ ಅತ್ತೆ ಮಾಡುವ ರೀತಿ ಕೇಳಿಕೊಂಡು ಬಂದಿದ್ದರು.

ಊರಿಗೆ ಬಂದ ಕೆಲವೇ ದಿನಕ್ಕೆ ನಮ್ಮ ಕೊನೆಯ ನಾದಿನಿಯನ್ನು ನೋಡಲು ಸೊರಬದ ಕಡೆಯ ಗಂಡಿನವರು ಬಂದರು. ಒಳ್ಳೆಯ ಸಂಬಂಧ. ನಾದಿನಿಗೂ ಹುಡುಗ ಒಪ್ಪಿಗೆಯಾಗಿದ್ದ. ನಾನು ಕಾಫಿಗೆ ನೀರಿಟ್ಟರೆ ಅತ್ತೆ ತಡೆದರು. "ಕಾಫಿ ಎಲ್ಲರ ಮನೇಲೂ ಕೊಡ್ತಾರೆ. ನಮ್ಮ ಮನೇದು ನೆನಪಿರಬೇಕು."

ನೀಲಿ ಲೋಟಗಳು ಹೊರಗೆ ಬಂದವು. ಗಂಡಿನ ತಂದೆ ತೋಟ ಇದ್ದವರು. ಲೋಟ ನೋಡಿ ಹೆಂಡತಿಯ ಕಿವಿಯಲ್ಲಿ, "ಇದು ತೋಟಕ್ಕೆ ಹೊಡಿಯೋ ಮೈಲುತುತ್ತದ ಔಷಧಿ ಇದ್ದಂಗೆ ಇದೆಯಲ್ಲೇ" ಅಂದದ್ದು ನಮಗೆಲ್ಲ ಕೇಳಿಸಿತು. ಅತ್ತೆ ಧೈರ್ಯ ತುಂಬಲು ಅದಕ್ಕೆ ನಿಂಬೆಹಣ್ಣು ಹಿಂಡಿದರು. ನೀಲಿ ಇದ್ದದ್ದು ಎಲ್ಲರ ಕಣ್ಣೆದುರೇ ನೇರಳೆಯಾಯಿತು.

ಗಂಡಿನ ಕಡೆಯ ಯಜಮಾನರು ಕುರ್ಚಿ ಹಿಂದೆ ಸರಿಸಿ ಎದ್ದೇಬಿಟ್ಟರು. ಅವರ ಹೆಂಡತಿ ಮಗನ ಕೈಯಿಂದ ಲೋಟ ಕಸಿದಿಟ್ಟರು. ನಮ್ಮನೆಯವರು ನನ್ನನ್ನು ಕೆಕ್ಕರಿಸಿ ನೋಡಿದರು. ಬಾಗಿಲ ಹಿಂದೆ ನಾದಿನಿ ಅಳುವುದೊಂದು ಬಾಕಿ.

ಅತ್ತೆ ಯಜಮಾನರ ಲೋಟವನ್ನೇ ಎತ್ತಿ ಗಟಗಟ ಕುಡಿದು, ಬಾಯೊರೆಸಿಕೊಂಡು, ಅವರ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತರು.

"ಯಜಮಾನ್ರೆ, ಸ್ವಲ್ಪ ಹೊತ್ತು ಕೂತ್ಕೊಳ್ಳಿ. ನಾನು ಸತ್ರೆ ಈ ಸಂಬಂಧ ಬೇಡ. ಬದುಕಿದ್ರೆ ಎಲೆಅಡಿಕೆ ಬದಲಾಯಿಸಿ."

ಯಜಮಾನರು ಕೂತರು. ಅತ್ತೆಯನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಅತ್ತೆ ಕಣ್ಣು ಮಿಟುಕಿಸದೆ ಇನ್ನೊಂದು ಲೋಟಕ್ಕೆ ಕೈ ಹಾಕಿದರು.

ಯಜಮಾನರು ದೊಡ್ಡ ಉಸಿರು ಬಿಟ್ಟು ಹೆಂಡತಿಯ ಕಡೆ ತಿರುಗಿದರು.

"ಎಲೆಅಡಿಕೆ ತೆಗಿಯೇ. ಈಯಮ್ಮ ಸಾಯೋ ಪೈಕಿ ಅಲ್ಲ."