ಅಕ್ಕನಿಗೆ ವಿಶ್ರಾಂತಿ ಕೊಡಿಸಿದ ಪ್ರಸಂಗ

ಮೊದಲೇ ಹೇಳಿಬಿಡುತ್ತೇನೆ: ಸದರಿ ಪ್ರಕರಣದಲ್ಲಿ ಒಂದನೇ ಆರೋಪಿ ನಾನೇ. ಕುಲಕರ್ಣಿಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕನ್ನಡ ಸಂಘದ ಸಮಸ್ತ ಕಾರ್ಯಕಾರಿ ಸಮಿತಿಯ ಮೇಲೆ ಸಿಟ್ಟಿದೆ. ಎರಡನೇ ಸಲ ಬಾತ್ ಹಾಕಿಸಿಕೊಂಡು "ತುಪ್ಪ ಸ್ವಲ್ಪ ಕಮ್ಮಿಯಾಯ್ತು" ಎಂದ ಖಜಾಂಚಿಯ ಮೇಲಂತೂ ಕೊತಕೊತ ಕುದಿಯುವಷ್ಟು ಸಿಟ್ಟಿದೆ. ಆದರೆ ಅವರನ್ನೆಲ್ಲ ಅಕ್ಕನ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ ಮಹಾನುಭಾವ ನಾನು. ಯಾಕೆ ತಂದೆ? ಅಕ್ಕನಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ ಅಂತ!

ತೊಂಬತ್ತರ ದಶಕದ ಆರಂಭ. ನಾನು ವಿಜಯವಾಡದ ಒಂದು ಬ್ಯಾಂಕಿನಲ್ಲಿ ಹೊಸ ಗುಮಾಸ್ತ. ಊರು ತುಮಕೂರು, ಹೆಸರು ಮುರಳಿ. ಸಂಬಳ ಬರುತ್ತಿದ್ದದ್ದು ಚೆಕ್ಕಿಗೆ ಸೀಲು ಹೊಡೆಯುವುದಕ್ಕೆ, ಆಸಕ್ತಿ ಇದ್ದದ್ದು ಕಂಡವರ ದನಿ ಕದಿಯುವುದರಲ್ಲಿ. ನಮ್ಮ ಮ್ಯಾನೇಜರರು ಫೋನಿನಲ್ಲಿ ಮೇಲಿನವರ ಹತ್ತಿರ ಒಂದು ದನಿ, ನಮ್ಮ ಹತ್ತಿರ ಇನ್ನೊಂದು ದನಿ ಇಟ್ಟುಕೊಂಡಿದ್ದರು. ಎರಡೂ ನನ್ನ ಗಂಟಲಲ್ಲಿದ್ದವು. ಒಂದು ದಿನ ಅವರ ಎರಡನೇ ದನಿಯಲ್ಲಿ ಇಡೀ ಶಾಖೆಗೆ ಅರ್ಧ ದಿನ ರಜೆ ಘೋಷಿಸಿದೆ. ಕ್ಯಾಷಿಯರು ಊಟದ ಡಬ್ಬಿ ಎತ್ತಿಕೊಂಡು ರಸ್ತೆಗೇ ಇಳಿದುಬಿಟ್ಟ! ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದ್ದರೆ ನಾನೇ ಹುಡುಕಬೇಕಾಗುತ್ತಿತ್ತು.

ಅಕ್ಕ ಭಾವ ಇದ್ದದ್ದು ವಿಶಾಖಪಟ್ಟಣದಲ್ಲಿ. ಭಾವನೂ ಬ್ಯಾಂಕಿನವರೇ, ಆಫೀಸರು. ವಿಜಯವಾಡದಿಂದ ಅಲ್ಲಿಗೆ ವರ್ಗವಾದ ಮೇಲೆ ಅವರ ಮಾತು ಕಮ್ಮಿಯಾಯಿತು. ಆಮೇಲೆ ಊಟ ಕಮ್ಮಿಯಾಯಿತು. ಆಮೇಲೆ ಸ್ನಾನಕ್ಕೆ ಏಳುವುದೇ ಬೆಟ್ಟ ಹತ್ತುವ ಕೆಲಸವಾಯಿತು. ರಜೆ ಹಾಕಿ ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತರು. ಡಾಕ್ಟರು ಇದು ಡಿಪ್ರೆಶನ್ ಎಂದರು, ಮಾತ್ರೆ ಕೊಟ್ಟರು, ನಿಧಾನವಾಗಿ ಸರಿಹೋಗುತ್ತದೆ ಎಂದರು.

ಬಂದುಹೋಗುವವರಿಗೆ ನಿಧಾನ ಗೊತ್ತಿರಲಿಲ್ಲ. "ಏನ್ರೀ ಕಮ್ಮಿಯಾಗಿದೆ ನಿಮಗೆ? ಆಫೀಸರ್ ಕೆಲಸ, ಮುಂದೆ ಸಮುದ್ರ!" ಎಂದರು ಒಬ್ಬರು. ಸಮುದ್ರ ಇದ್ದಮೇಲೆ ಮನುಷ್ಯನಿಗೆ ದುಃಖ ಬರಕೂಡದು ಎಂಬುದು ಅವರ ಕಾನೂನು. "ಬೆಳಿಗ್ಗೆ ಎದ್ದು ಜೋರಾಗಿ ನಗಬೇಕು ಸಾರ್, ಹೀಗೆ!" ಎಂದು ಇನ್ನೊಬ್ಬರು ನಕ್ಕು ತೋರಿಸಿದರು. ಆ ನಗು ಕೇಳಿದರೆ ಆರೋಗ್ಯವಂತರಿಗೂ ಕಾಯಿಲೆ ಬರಬೇಕು. ಎಲ್ಲರೂ ಹೋಗುವಾಗ ಅಕ್ಕನಿಗೆ ಒಂದೇ ಮಾತು: "ನೀವು ಧೈರ್ಯವಾಗಿರಬೇಕಮ್ಮ." ಆ ಧೈರ್ಯವಂತೆಯ ಎದುರು ತಾವು ಕುಡಿದಿಟ್ಟ ಕಾಫಿ ಲೋಟವನ್ನು ಒಬ್ಬರಾದರೂ ಎತ್ತಿ ಒಳಗಿಟ್ಟವರಿಲ್ಲ!

ಭಾವ ರಾತ್ರಿ ಎದ್ದು ಕೂತರೆ ಅಕ್ಕನೂ ಎದ್ದು ಕೂರುತ್ತಿದ್ದಳು. ಹಗಲು ಅಡುಗೆ, ಮಾತ್ರೆ, ಆಸ್ಪತ್ರೆ, ಬ್ಯಾಂಕಿನವರಿಗೆ ಉತ್ತರ. ನಾನು ತಿಂಗಳಿಗೊಮ್ಮೆ ರೈಲು ಹತ್ತಿ ಹೋದಾಗ ನೋಡುತ್ತಿದ್ದೆ: ಸಾರಿಗೆ ಒಗ್ಗರಣೆ ಹಾಕುತ್ತ ಹಾಕುತ್ತಲೇ ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಡಾಕ್ಟರು ಅವಳಿಗೂ ಹೇಳಿದರು: "ಹೀಗೇ ಆದರೆ ನೀವೂ ಮಲಗ್ತೀರಿ." ಭೀಮುನಿಪಟ್ಟಣದಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಎಲ್ಲರೂ ಮಾಸ್ಟರುಗಾರು ಅಂತಾರೆ, ಉಸಿರನ್ನು ಗಮನಿಸುತ್ತ ಸುಮ್ಮನೆ ಕೂರುವುದನ್ನು ಕಲಿಸುತ್ತಾರೆ, ಮಾತ್ರೆ ಬಿಡಿ ಅನ್ನುವವರಲ್ಲ, ಇಂಥ ಕಾಯಿಲೆಯವರಿಗೂ, ಅವರನ್ನು ನೋಡಿಕೊಂಡು ಸುಸ್ತಾದವರಿಗೂ ಭಾನುವಾರ ತರಗತಿ ಮಾಡುತ್ತಾರೆ ಎಂದು ತಿಳಿಸಿದರು.

ಅಷ್ಟು ದೂರ ಭಾವನನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಆಗದ ಮಾತು. ಆಗ ನಾನು ಎದೆ ತಟ್ಟಿಕೊಂಡೆ.

"ಅಕ್ಕ, ನೀನು ಚಿಂತೆ ಬಿಡು. ಮಾಸ್ಟರುಗಾರನ್ನೇ ಇಲ್ಲಿಗೆ ಕರೆಸ್ತೀನಿ. ನೀನು ಬರೀ ಬಂದು ಕೂತ್ಕೋ."

"ಬರೀ ಕೂತ್ಕೊಳ್ಳೋದಾ?" ಎಂದಳು ಅಕ್ಕ. ಜಾತ್ರೆಗೆ ಹೋಗೋಣ ಅಂದಾಗ ಮಕ್ಕಳು ಕೇಳುತ್ತಾರಲ್ಲ, ಹಾಗೆ ಕೇಳಿದಳು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾಸ್ಟರುಗಾರು ಒಪ್ಪಿದರು. ಐದಾರು ಜನ ಇರಲಿ, ಒಂದು ಚಾಪೆ ಇರಲಿ, ಸದ್ದಿಲ್ಲದ ಕೋಣೆ ಇರಲಿ, ಅಷ್ಟೇ ಸಾಕು ಎಂದರು. ಐದಾರು ಜನರನ್ನು ಎಲ್ಲಿಂದ ತರುವುದು? ನನ್ನ ಪ್ರಚಂಡ ಬುದ್ಧಿಗೆ ಹೊಳೆದದ್ದು ವಿಶಾಖಪಟ್ಟಣದ ಕನ್ನಡ ಸಂಘ!

ಇಲ್ಲಿ ಒಂದು ವಿಷಯ ಹೇಳಬೇಕು. ಪರಊರಿನ ಕನ್ನಡಿಗರಿಗೆ ಸಭೆ ಇಲ್ಲದೆ ಏನೂ ಮಾಡಲು ಬರುವುದಿಲ್ಲ. ಇಬ್ಬರು ಬಸ್‌ಸ್ಟಾಪಿನಲ್ಲಿ ಸಿಕ್ಕರೆ ಒಬ್ಬರು ಸ್ವಾಗತ ಕೋರುತ್ತಾರೆ, ಬಸ್ಸು ಬಂದಾಗ ಇನ್ನೊಬ್ಬರು ವಂದನಾರ್ಪಣೆ ಮಾಡುತ್ತಾರೆ. ಸಂಘದ ಕಾರ್ಯದರ್ಶಿ ಕುಲಕರ್ಣಿಯವರು ಧಾರವಾಡದ ಕಡೆಯವರು, ಇನ್ನೊಂದು ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿ. ಅವರಿಗೆ ಎಲ್ಲವನ್ನೂ ಹೇಳಿದೆ.

"ಅಲ್ಲೋ ತಮ್ಮಾ, ಸುಮ್ನ ಕೂಡೂದಕ್ಕ ಒಬ್ಬ ಮಾಸ್ತರ ಬೇಕೇನೋ?"

"ಬೇಕು ಸಾರ್. ಸುಮ್ಮನೆ ಕೂರೋದು ಕಷ್ಟ."

"ಆತು, ಮಾಡೂಣು. ಆದ್ರ ಉದ್ಘಾಟನಾ ಇಲ್ಲದ ಹೆಂಗೋ? ಸಂಘಕ್ಕೊಂದು ಮರ್ಯಾದಿ ಅದ."

"ಸಾರ್, ಗುಟ್ಟಾಗಿರಬೇಕು. ಭಾವನ ಹೆಸರು ಎಲ್ಲೂ ಬರಬಾರದು."

"ಏ, ಹೊಟ್ಟಿಯೊಳಗ ಹಾಕ್ಕೊಂಡೆ. ಹೆಸರು ಬಾಯಿಂದ ಬಂದ್ರ ಕೇಳು!"

ಮಾತಿಗೆ ತಪ್ಪಲಿಲ್ಲ. ಸಂಘದ ತಿಂಗಳ ಸಭೆಯಲ್ಲಿ ಮೈಕಿನ ಮುಂದೆ ನಿಂತು ಗದ್ಗದ ದನಿಯಲ್ಲಿ ಹೀಗೆಂದರು: "ಒಂದು ಕುಟುಂಬದ ದುಃಖ ನೋಡಿ ನಮಗ ಈ ವಿಚಾರ ಬಂತು. ಅವರ ಹೆಸರು ನಾ ಹೇಳೂದಿಲ್ಲ. ಬ್ಯಾಂಕ್ ಆಫೀಸರು, ತುಮಕೂರ ಕಡೆಯವರು, ವಿಜಯವಾಡದಿಂದ ವರ್ಗ ಆಗಿ ಬಂದಾರ. ಅವರ ಹೆಂಡತಿ ತಮ್ಮ ಇಲ್ಲೇ ಮೂರನೇ ಸಾಲಿನಾಗ, ನೀಲಿ ಅಂಗಿ ಹಾಕ್ಕೊಂಡು ಕೂತಾನ. ಹೆಸರು ಮಾತ್ರ ಯಾರೂ ಕೇಳಬ್ಯಾಡ್ರಿ!"

ಇಡೀ ಸಭೆ ನೀಲಿ ಅಂಗಿಯ ಕಡೆ ತಿರುಗಿತು. ಅಂಗಿಯೊಳಗೆ ನಾನಿದ್ದೆ.

ಮುಂದಿನದೆಲ್ಲ ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲು. ಪ್ರಾರ್ಥನೆಗೆ ಮಹಿಳಾ ತಂಡ ಸಿದ್ಧವಾಯಿತು; ಅಭ್ಯಾಸಕ್ಕೆ ಜಾಗ ಬೇಕಲ್ಲ, ಅಕ್ಕನ ಮನೆಗೇ ಬಂದರು. ಅಭ್ಯಾಸ ಅಂದಮೇಲೆ ಕಾಫಿ ಬೇಕಲ್ಲ, ಅಕ್ಕನೇ ಮಾಡಿದಳು. ಸಂಘ ಯಾವಾಗಲೂ ಸೇರುತ್ತಿದ್ದ ಶಾಲೆಯ ಹಾಲ್‌ನಲ್ಲಿ ಆ ಭಾನುವಾರ ಯಾವುದೋ ಪರೀಕ್ಷೆ ಬಂತು. ಕುಲಕರ್ಣಿಯವರು ಒಂದು ಕ್ಷಣವೂ ಯೋಚಿಸಲಿಲ್ಲ.

"ನಿಮ್ಮ ಅಕ್ಕಾರ ಮನಿ ಹಾಲ್ ದೊಡ್ಡದದಲ್ಲೋ. ಪೇಶಂಟಿಗೂ ಓಡಾಟ ತಪ್ತದ!"

ಆಮೇಲೆ ಊಟದ ಮಾತು ಬಂತು. ಆಂಧ್ರದ ನೀರು ಕುಡಿಯುವ ಕನ್ನಡಿಗನಿಗೆ ಬಿಸಿಬೇಳೆ ಬಾತ್ ಎಂದರೆ ತವರುಮನೆ. ಹೋಟೆಲಿನಲ್ಲಿ ಸಿಗುವುದಿಲ್ಲ, ಮನೆಯಲ್ಲಿ ತುಮಕೂರಿನ ಕೈ ಇದೆ. ಸಮಿತಿ ಸರ್ವಾನುಮತದಿಂದ ಒಪ್ಪಿತು. ಆ ಸರ್ವಾನುಮತದೊಳಗೆ ಬಾತ್ ಮಾಡುವವಳ ಮತ ಇರಲಿಲ್ಲ.

ನಾನು ತಲೆ ತಗ್ಗಿಸಿಕೊಂಡು ಅಕ್ಕನಿಗೆ ವರದಿ ಒಪ್ಪಿಸಿದೆ.

"ಅಕ್ಕ, ಬೇಡ ಅಂದುಬಿಡು. ನಾನೇ ಹೋಗಿ ಹೇಳ್ತೀನಿ."

ಅವಳು ನನ್ನನ್ನೇ ನೋಡಿದಳು. "ಬೇಡ ಅನ್ನೋಕೂ ಶಕ್ತಿ ಬೇಕು ಕಣೋ. ಬರ್ಲಿ ಬಿಡು. ಇಂಗು ಮುಗಿದಿದೆ, ತಂದ್ಕೊಡು."

ಇಂಗು ತಂದುಕೊಟ್ಟೆ. ಇಡೀ ಧ್ಯಾನ ಶಿಬಿರಕ್ಕೆ ನನ್ನ ದೈಹಿಕ ಕೊಡುಗೆ ಅದೊಂದೇ.

ಭಾನುವಾರ ಬಂತು. ಬಾಗಿಲಿಗೆ ಮಾವಿನ ತೋರಣ, ಹಾಲ್‌ನಲ್ಲಿ ಬಾಡಿಗೆ ಮೈಕು! ಹತ್ತಡಿ ದೂರ ಕೂತವರಿಗೆ ಮೈಕು ಯಾಕೆ ಸಾರ್ ಅಂದರೆ, "ಕಾರ್ಯಕ್ರಮ ಅಂದಮ್ಯಾಲ ಮೈಕ್ ಬ್ಯಾಡೇನೋ?" ಎಂದರು. ಮಾಸ್ಟರುಗಾರು ಬಿಳಿ ಪಂಚೆ ಉಟ್ಟು, ಕೈಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದವರು ತೋರಣ ನೋಡಿ, ಇಲ್ಲಿ ಮದುವೆಯೋ ಮುಂಜಿಯೋ ಎಂದು ತೆಲುಗಿನಲ್ಲಿ ಕೇಳಿದರು. ಉತ್ತರಕ್ಕೆ ಬದಲು ಕುತ್ತಿಗೆಗೆ ಗಂಧದ ಹಾರ ಬಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಕತ್ತರಿಸಿದ ಕೂದಲು, ನೇರ ಬೆನ್ನು, ನೌಕಾಪಡೆಯವರೆಂದು ನೋಡಿದರೇ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ಅವರ ಹೆಂಡತಿ, ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು. ಆಕೆಯ ತೋಳಿನಲ್ಲಿರಬೇಕಾದ ಕೂಸು ಗಂಡನ ತೋಳಿನಲ್ಲಿತ್ತು. ಬಾಣಂತನದ ನಂತರ ಆಕೆ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಕರೆತನ್ನಿ ಎಂದು ಡಾಕ್ಟರೇ ಕಳಿಸಿದ್ದರಂತೆ.

ಕುಲಕರ್ಣಿಯವರು ಮೈಕಿನಲ್ಲೇ ಸ್ವಾಗತಿಸಿದರು: "ಬರ್ರಿ, ಬರ್ರಿ! ಪೇಶಂಟ್ ಯಾರು? ಪೇಶಂಟ್ ಮುಂದ ಕೂಡ್ರಿ!"

ಇಡೀ ಹಾಲ್ ತಿರುಗಿ ನೋಡಿತು. ಆ ಮನುಷ್ಯ ನನಗೆ ಮಾತ್ರ ಕೇಳುವ ಹಾಗೆ, "ಮನೆ ತಪ್ಪಿ ಬಂದ್ವಿ ಅನ್ಸುತ್ತೆ" ಎಂದರು. ಹೆಂಡತಿಯ ಭುಜ ಹಿಡಿದು ಮೆಟ್ಟಿಲು ಇಳಿದುಹೋದರು. ನಾನು ಓಡಿಹೋಗಿ ಕರೆಯಬಹುದಿತ್ತು. ಬಾಯಿಗೆ ಯಾರ ದನಿಯೂ ಬರಲಿಲ್ಲ. ಶಿಬಿರ ಬೇಕಾಗಿದ್ದವರು ಹೋದರು, ಬಾತ್ ಬೇಕಾಗಿದ್ದವರು ಉಳಿದರು.

ಸಮಾರಂಭ ಸಾಂಗವಾಗಿ ನಡೆಯಿತು. ಪ್ರಾರ್ಥನೆ, ಸ್ವಾಗತ, ದೀಪ. ದೀಪ ಹಚ್ಚಲು ಭಾವನನ್ನು ಬೆತ್ತದ ಕುರ್ಚಿಯಿಂದ ಎಬ್ಬಿಸಿ ಮುಂದೆ ತಂದರು. ಅವರು ಹಚ್ಚಿ, ತಿರುಗಿ ಹೋಗಿ ಕೂತರು. ಆಮೇಲೆ ಕುಲಕರ್ಣಿಯವರು ಮೌನದ ಮಹತ್ವ ಎಂಬ ವಿಷಯದ ಮೇಲೆ ಮಾತಾಡಿದರು. ಮಾತಾಡಿದರು. ಇನ್ನೂ ಮಾತಾಡಿದರು! ಒಳಗೆ ಕುಕ್ಕರು ಕೂಗಿದಾಗಲೆಲ್ಲ ಅದೇ ಹೆಚ್ಚು ಸಂಕ್ಷಿಪ್ತವಾಗಿ ಮಾತಾಡುತ್ತಿದೆ ಅನ್ನಿಸಿತು.

ಕೊನೆಗೂ ಮಾಸ್ಟರುಗಾರ ಸರದಿ. ಅವರಿಗೆ ಕನ್ನಡ ಬಾರದು; ಕನ್ನಡಕ್ಕೆ ಹೇಳುವ ಜವಾಬ್ದಾರಿ ನನ್ನದು. ಅವರು ಕಣ್ಣು ಮುಚ್ಚಿ, ಮೂಗಿನಿಂದ ರಾಗ ಎಳೆಯುತ್ತ, "ಮೀ ಶ್ವಾಸನು ಗಮನಿಂಚಂಡಿ" ಎಂದರು. ನಾನೂ ಕಣ್ಣು ಮುಚ್ಚಿ, ಅದೇ ಮೂಗು, ಅದೇ ರಾಗದಲ್ಲಿ, "ನಿಮ್ಮ ಉಸಿರನ್ನು ಗಮನಿಸೀ..." ಎಂದೆ. ಬೇಕಂತ ಮಾಡಿದ್ದಲ್ಲ, ಆಣೆಗೂ! ಅಭ್ಯಾಸ. ಮೊದಲು ಮಹಿಳಾ ತಂಡ ಕಿಸಕ್ಕೆಂದಿತು, ಆಮೇಲೆ ಖಜಾಂಚಿಯ ಹೊಟ್ಟೆ ಕುಲುಕಿತು. ಧ್ಯಾನ ನಗೆಕೂಟವಾಯಿತು. ಮಾಸ್ಟರುಗಾರು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡರು. ನಾನು ನನ್ನದೇ ದನಿ ಹುಡುಕಿಕೊಂಡು ಮುಂದುವರಿಸಿದೆ: "ಯೋಚನೆ ಬಂದರೆ ಬರಲಿ. ಹಿಂದೆ ಓಡಬೇಡಿ. ತಿರುಗಿ ಉಸಿರಿಗೆ ಬನ್ನಿ."

ಆಶ್ಚರ್ಯ! ಸ್ವಲ್ಪ ಹೊತ್ತಿಗೆ ಹಾಲ್ ನಿಜವಾಗಿಯೂ ತಣ್ಣಗಾಯಿತು. ಫ್ಯಾನಿನ ಸದ್ದೊಂದೇ. ಅದರ ಜೊತೆಗೆ ಇನ್ನೊಂದು ಸದ್ದು ಕೇಳಿತು, ಸಣ್ಣಗೆ, ಹಿತವಾಗಿ. ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತ ಅಕ್ಕ ನಿದ್ದೆ ಹೋಗಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅವಳು ಗೊರಕೆ ಹೊಡೆಯುತ್ತಾಳೆಂದು ನನಗೆ ಅವತ್ತೇ ಗೊತ್ತಾದದ್ದು.

ಮಾಸ್ಟರುಗಾರು ನೋಡಿದರು. "ಪಡುಕೋನಿವ್ವಂಡಿ," ಎಂದರು ಮೆಲ್ಲಗೆ. ಮಲಗಲಿ ಬಿಡಿ ಎಂದರ್ಥ.

ಕುಲಕರ್ಣಿಯವರಿಗೂ ಅರ್ಥ ಗೊತ್ತಿತ್ತು. ಆದರೂ ಗಡಿಯಾರ ನೋಡಿ ಮೈಕು ಎತ್ತಿಕೊಂಡರು. "ಈಗ ವಂದನಾರ್ಪಣೆ. ಆಮ್ಯಾಲ ಊಟ. ಯಾರರೆ ತಂಗೀನ್ನ ಎಬ್ಬಸ್ರಿ, ಬಾತ್ ಆರತದ!"

ನನ್ನೊಳಗೆ ಏನೋ ಸಿಡಿಯಿತು. ಎದ್ದು ನಿಂತೆ. "ಬಾತ್ ಆರತದ!" ಎಂದೆ, ಅವರ ದನಿಯಲ್ಲೇ, ಅವರ ಮುಖಕ್ಕೇ. "ಸಂಘಕ್ಕೊಂದು ಮರ್ಯಾದಿ ಅದ! ಪೇಶಂಟ್ ಮುಂದ ಕೂಡ್ರಿ!" ಅಲ್ಲಿಗೇ ನಿಲ್ಲಿಸಲಿಲ್ಲ. ಸಮುದ್ರ ತೋರಿಸಿದವರ ದನಿ, ನಕ್ಕು ತೋರಿಸಿದವರ ನಗು, ಧೈರ್ಯವಾಗಿರಮ್ಮ ಅಂದವರ ರಾಗ, ಒಬ್ಬೊಬ್ಬರನ್ನೂ ಎಳೆದು ತಂದು ನಡುಹಾಲ್‌ನಲ್ಲಿ ನಿಲ್ಲಿಸಿದೆ. "ಒಬ್ಬರಾದ್ರೂ ಒಂದು ಲೋಟ ತೊಳೆದಿದ್ದೀರೇನ್ರೀ? ಕೂತ್ಕೊಳ್ಳೋಕೆ ಅಂತ ಕರೆದು ಊರಿಗೆಲ್ಲ ಅಡುಗೆ ಮಾಡಿಸಿದ್ರಲ್ರೀ! ಮನುಷ್ಯರಾ ನೀವು?" ನನ್ನ ಕೂಗಿಗೆ ಕೆಳಗಿನ ಮನೆಯವರು ಹೊರಗೆ ಬಂದರು. ಕುಲಕರ್ಣಿಯವರ ಬಾಯಿ ತೆರೆದೇ ಇತ್ತು. ಮಹಿಳಾ ತಂಡ ಗೋಡೆಗೆ ಸರಿಯಿತು. ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು: ಅಕ್ಕನ ಪರವಾಗಿ ದನಿಯೆತ್ತಿದ ಏಕೈಕ ವೀರ!

ಅಷ್ಟರಲ್ಲಿ ಬೆತ್ತದ ಕುರ್ಚಿ ಕಿರ್ರೆಂದಿತು. ಭಾವ ಎದ್ದರು. ನಿಧಾನವಾಗಿ ನಡೆದು ಗೋಡೆಯ ಹತ್ತಿರ ಹೋಗಿ ಮೈಕಿನ ವೈರು ಕಿತ್ತರು. ಅಕ್ಕ ಒರಗಿದಲ್ಲೇ ತಲೆ ಆ ಕಡೆ ಹೊರಳಿಸಿದಳು, ಏಳಲಿಲ್ಲ. ಭಾವ ನನ್ನ ಮುಂದೆ ಬಂದು ನಿಂತರು. ಕುಲಕರ್ಣಿಯವರನ್ನು ಬೈಯುತ್ತಾರೆ ಎಂದು ನಾನು ಪಕ್ಕಕ್ಕೆ ಸರಿದು ಜಾಗ ಕೊಟ್ಟೆ. ಅವರು ನನ್ನನ್ನೇ ನೋಡಿ, ಬಹಳ ದಿನ ಬಳಸದ ದನಿಯಲ್ಲಿ, ಪಿಸುಮಾತಿನಲ್ಲಿ ಹೇಳಿದರು:

"ಮೈಕು ಆರಿಸಿದೆ, ನಿನ್ನನ್ನ ಆರಿಸೋ ಸ್ವಿಚ್ ಎಲ್ಲಿದ್ಯೋ? ಅಕ್ಕನ ಮೇಲೆ ಅಷ್ಟು ಅಕ್ಕರೆ ಇದ್ರೆ ಬಾಯಿ ಮುಚ್ಕೊಂಡು ಸೌಟು ಹಿಡಿ."